ಬುರುಡೆ

ಮಧ್ಯಾಹ್ನ ಮೂರೂವರೆಗೇ ಕತ್ತಲಾಗುವ ಊರು ನಮ್ಮದು, ದೌಗಾವ್ಪಿಲ್ಸ್.
ಡಿಸೆಂಬರಿನಲ್ಲಿ ಇಲ್ಲಿ ಹಗಲೆಂದರೆ
ಯಾರೋ ಬಾಗಿಲು ತೆರೆದು, ಮನೆ ತಪ್ಪಿತೆಂದು
ಮೆಲ್ಲಗೆ ಮುಚ್ಚಿಕೊಂಡು ಹೋದ ಹಾಗೆ.

ಮೂವತ್ತೊಂದು ವರ್ಷ ಮೀಟರು ಓದಿದವನು ನಾನು.
ಕೈಯಲ್ಲಿ ಟಾರ್ಚು, ಕಿವಿಯ ಮೇಲೆ ಪೆನ್ಸಿಲು.
ಯಾರ ಮನೆಯಲ್ಲಿ ಇರುಳಿಡೀ ದೀಪ ಉರಿಯಿತು,
ಯಾರ ಮನೆಯ ಚಕ್ರ ತಿಂಗಳುಗಟ್ಟಲೆ ಅಲುಗಲಿಲ್ಲ,
ಎಲ್ಲ ಗೊತ್ತಿತ್ತು.
ಯಾರಿಗೂ ಹೇಳಲಿಲ್ಲ.
ಈಗ ಮೀಟರುಗಳು ತಮ್ಮನ್ನು ತಾವೇ ಓದಿಕೊಳ್ಳುತ್ತವೆ.

ಹಾಗಾಗಿ ಏಣಿ ನನ್ನದು, ಲೆಕ್ಕವೂ ನನ್ನದು:
ಅರವತ್ತು ವ್ಯಾಟಿನದು ಇಳಿಸು, ಎಂಟರದು ಏರಿಸು.
ಅಡುಗೆಮನೆಯಲ್ಲಿ ಸುಣ್ಣ ಚೆಲ್ಲಿದಂಥ ಬೆಳಕು ಬಿದ್ದದ್ದೇ
ಟೆಕ್ಲಾ ಕೈಯ ಹಿಟ್ಟು ಒರೆಸಿಕೊಳ್ಳುತ್ತ
ಕಿಟಕಿಯ ಗಾಜಿನಲ್ಲಿ ತನ್ನನ್ನೇ ನೋಡಿಕೊಂಡಳು.
"ನನ್ನ ಮುಖ ಹೀಗಿದೆಯೇನು?"
ಹೌದೆನ್ನುವಂತಿಲ್ಲ, ಅಲ್ಲವೆನ್ನುವಂತಿಲ್ಲ.
ನಲವತ್ತು ವರ್ಷದ ಸಂಸಾರ ಕಲಿಸಿದ ಉತ್ತರ:
"ಅಂಗಡಿಯವನು ತಪ್ಪು ಕೊಟ್ಟಿದ್ದಾನೆ. ಹಳದಿಯದು ತರುತ್ತೇನೆ."

ತಂದೆ. ಮುಖ ಮತ್ತೆ ಮುಖವಾಯಿತು.

ಇಳಿಸಿದವನ್ನು ಮಾತ್ರ ಎಸೆಯಲು ಬಿಡಲಿಲ್ಲ.
ಕಾಲುಚೀಲದ ಹಿಮ್ಮಡಿಗೆ ಬುರುಡೆ ತೂರಿಸಿ
ತೂತಿನ ಮೇಲೆ ಉಣ್ಣೆ ಹೆಣೆಯುವುದು
ಅವಳಿಗೆ ತಾಯಿಯಿಂದ ಬಂದ ಕೈ.
ಗಾಜಿನ ಮೇಲೆ ಸೂಜಿ ಜಾರುವ ಸಣ್ಣ ಕಿರ್ರನೆ ಸದ್ದಿಗೆ
ನಮ್ಮ ಬೆಕ್ಕೂ ಕಿವಿ ಎತ್ತುವುದಿಲ್ಲ.
ಬುಟ್ಟಿಯಲ್ಲಿ ಅವಳ ತಾಯಿಯ ಕಾಲದ್ದೊಂದಿದೆ,
ಅಲುಗಿಸಿದರೆ ಕಡಿದ ತಂತಿ ಒಳಗೇ ಗೊಣಗುತ್ತದೆ.
ಉರಿದದ್ದು ಸಾವಿರ ಗಂಟೆ, ಸತ್ತು ದುಡಿದದ್ದು ಐವತ್ತು ವರ್ಷ.
ಯಾವ ಮೀಟರಿನಲ್ಲೂ ನಾನು ಅದನ್ನು ಓದಿರಲಿಲ್ಲ.

"ಈ ಹೊಸದು ಯಾವಾಗ ಸಾಯುತ್ತದೆ?"
ಡಬ್ಬಿಯ ಮೇಲೆ ಹದಿನೈದು ವರ್ಷವೆಂದಿತ್ತು.
ನನಗೆ ಅರವತ್ತೆಂಟು, ಅವಳಿಗೆ ಅರವತ್ತಾರು.
ಇಬ್ಬರೂ ಮನಸ್ಸಿನಲ್ಲೇ ಕೂಡಿದೆವು,
ಮೊತ್ತವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.
"ಬುರುಡೆ ಬಿಡುತ್ತಾರೆ," ಎಂದಳು ಕಡೆಗೆ.

ಉಳಿದದ್ದು ನೆಲಮಾಳಿಗೆ.
ಹದಿನೆಂಟು ಮನೆಗಳಿಗೆ ಹದಿನೆಂಟು ಮರದ ಗೂಡು.
ನಮ್ಮ ಗೂಡಿನಲ್ಲಿ ಆಲೂಗಡ್ಡೆಯ ಪೆಟ್ಟಿಗೆ,
ಪೆಟ್ಟಿಗೆಯ ನಡುವೆ ತೂತು ಕೊರೆದ ತಗಡಿನ ಡಬ್ಬಿ,
ಅದರೊಳಗೆ ಚಳಿಗಾಲವಿಡೀ ಉರಿಯುವ ಒಂದು ಬುರುಡೆ.
ಬೆಳಕು ತಾಗಿದರೆ ಗೆಡ್ಡೆ ಹಸಿರಾಗುತ್ತದೆಂದು
ಟೆಕ್ಲಾ ತೂತುಗಳಿಗೂ ಕಪ್ಪು ಬಟ್ಟೆ ಹೊಲಿದಿದ್ದಳು.
ಯಾರೂ ನೋಡದ ದೀಪ! ನನ್ನ ಪೆನ್ಸಿಲಿಗೆ ತಡೆಯಲಾಗಲಿಲ್ಲ.
ಅದನ್ನೂ ಬದಲಿಸಿದೆ, ಅವಳನ್ನು ಕೇಳದೆ.

ಆ ವಾರ ಸೊನ್ನೆಯ ಕೆಳಗೆ ಇಪ್ಪತ್ತಾರು.
ಎಂಟು ವ್ಯಾಟು ಡಬ್ಬಿಯೊಳಗೆ ತಣ್ಣಗೆ,
ತಪ್ಪಿಲ್ಲದೆ ಬೆಳಗುತ್ತಲೇ ಇತ್ತು.
ಗೆಡ್ಡೆಗಳು ಕಲ್ಲಾದವು, ಆಮೇಲೆ ಕರಗಿ ಕಪ್ಪಾದವು,
ಬೇಯಿಸಿದರೆ ಸುಳ್ಳಿನ ಹಾಗೆ ಸಿಹಿ.

ಟೆಕ್ಲಾ ಬೈದಿದ್ದರೆ ಚೆನ್ನಾಗಿತ್ತು.
ಮೇಲಿನ ಮನೆಯ ಯೆವ್ದೋಕಿಯಾ ಒಂದು ಬಕೆಟ್ಟು ಗೆಡ್ಡೆ
ಬಾಗಿಲ ಬಳಿ ಇಟ್ಟು, ಬೆಲ್ಲು ಒತ್ತದೆ ಹೋದಳು.
ಹಳೆಯ ಬುರುಡೆ ಹುಡುಕಿ ಐದು ಅಂಗಡಿ ಅಲೆದೆ.
ಮಾರುವುದಿಲ್ಲವಂತೆ. ಒಬ್ಬ ಹುಡುಗ ನಕ್ಕ.

ಮನೆಗೆ ಬಂದರೆ ಅವಳು ನನ್ನದೇ ಕಾಲುಚೀಲ ಹಿಡಿದು ಕೂತಿದ್ದಳು,
ಅರ್ಧ ಹೆಣೆದ ಹಿಮ್ಮಡಿ, ಸೂಜಿ ಇನ್ನೂ ಅಲ್ಲೇ.
ನನ್ನತ್ತ ನೋಡದೆ ಒಳಗಿನ ಬುರುಡೆ ಎಳೆದು ತೆಗೆದಳು,
ಸೆರಗಿಲ್ಲದ ಊರಿನವಳು, ಸ್ವೆಟರಿನ ತೋಳಿಗೇ ಒರೆಸಿ
ನನ್ನ ಕೈಗಿಟ್ಟಳು.
ನಾನೇ ಇಳಿಸಿದ್ದು. ಸತ್ತಿರಲಿಲ್ಲವಲ್ಲ.

ಈಗ ಕಂಪನಿಯಿಂದ ಕಾಗದ ಬಂದಿದೆ:
ತಮ್ಮ ಮನೆಯಲ್ಲಿ ಇರುಳಿಡೀ ಏನೋ ಉರಿಯುತ್ತಿದೆ,
ದಯವಿಟ್ಟು ಪರೀಕ್ಷಿಸಿಕೊಳ್ಳಿ.
ಹಿಮ್ಮಡಿಯ ತೂತಿನಿಂದ ಚಳಿ ಒಳಬರುತ್ತಿದೆ.
ಓದಿ ಮಡಿಸಿಟ್ಟೆ.